ಹೆಬ್ಬೆರಳ ಕೆಳಗಿನ ನೀರು

ಒಂದು ಪಾರದರ್ಶಕ ಕೊಳವೆ, ಅದರೊಳಗೆ ತುಸು ನೀಲಿ ಬೆರೆಸಿದ ನೀರು, ಕೊಳವೆಯ ಬಾಯಿಯ ಮೇಲೆ ಒತ್ತಿಹಿಡಿದ ನನ್ನ ಹೆಬ್ಬೆರಳು. ಬಹಳ ಹಿಂದಿನ ಆ ಬೆಳಗನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದು. ಜನರ ಮುಖಗಳು ಆಮೇಲೆ ಒಂದೊಂದಾಗಿ ಬರುತ್ತವೆ. ಮನೆ ಕಟ್ಟುವವರಿಗೆಲ್ಲ ಈ ಕೊಳವೆ ಗೊತ್ತು. ಎರಡು ತುದಿಗಳನ್ನು ಎಷ್ಟು ದೂರ ಒಯ್ದರೂ ಒಳಗಿನ ನೀರು ಎರಡೂ ಕಡೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಒಯ್ಯುವಾಗ ಚೆಲ್ಲದಿರಲಿ ಎಂದು ಬಾಯಿಗೆ ಹೆಬ್ಬೆರಳು ಒತ್ತಿರುತ್ತೇವೆ. ಅಳೆಯುವಾಗ ಅದನ್ನು ತೆಗೆಯಬೇಕು, ಇಲ್ಲವಾದರೆ ನೀರು ಅಲುಗುವುದಿಲ್ಲ. ನಾವು ಹಿಡಿದ ಕಡೆ ಸುಮ್ಮನೆ ನಿಂತಿರುತ್ತದೆ. ಕಸುಬಿಗೆ ಬಂದ ಮೊದಲ ದಿನವೇ ಕಲಿಯುವ ಮಾತಿದು. ನಾನು ಆಗಲೇ ಇಪ್ಪತ್ತೆರಡು ವರ್ಷ ಪಳಗಿದ ಮೇಸ್ತ್ರಿ.

ನಮ್ಮದು ನೇಕಾರರ ಓಣಿ. ಸಮುದ್ರವೆಂಬುದು ಅಲ್ಲಿ ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಇತ್ತು. ಓಣಿಯ ಹಿಂದೆ ಒಂದು ಹಳ್ಳವಿತ್ತು, ನಿಜ. ಆದರೆ ಅದರಲ್ಲಿ ನೀರು ಕಂಡವರು ಕಡಿಮೆ. ಅದರ ಮರಳಿನ ಮೇಲೆ ಬಣ್ಣ ಹಾಕಿದ ನೂಲನ್ನು ಒಣಗಿಸುತ್ತಿದ್ದರು, ಮದುವೆಯ ಪಂಕ್ತಿಗೆ ಜಾಗ ಸಾಲದಿದ್ದರೆ ಅಲ್ಲೇ ಎಲೆ ಹಾಕುತ್ತಿದ್ದರು. ಇಂಥ ಊರಿಗೆ ಗುಂಡೇರಾಯರು ಪ್ರವಾಹದ ವಿಮೆ ಮಾರಲು ಬಂದರೆಂದರೆ ಜನ ಏಕೆ ನಗಬಾರದು? ಅವರು ಒಳ್ಳೆಯ ಮನುಷ್ಯ. ಬೆನ್ನು ಬಾಗಿದ ಏಜೆಂಟು, ಕಂಕುಳಲ್ಲಿ ಚರ್ಮದ ಚೀಲ, ಬಿಸಿಲಿಗೂ ಮಳೆಗೂ ಅದೇ ಕೊಡೆ. ಚಾವಡಿಯ ಕಟ್ಟೆಯ ಮೇಲೆ ಕೂತು ಅವರು ಅರ್ಜಿ ಓದುತ್ತಿದ್ದರೆ ಓಣಿಗೆ ಓಣಿಯೇ ಆಟ ನೋಡಲು ಸೇರುತ್ತಿತ್ತು.

"ಸಮುದ್ರದಿಂದ ಮನಿ ಎಷ್ಟು ದೂರ ಅದ ಅಂತ ಕೇಳ್ಯಾರ. ಏನು ಬರೀಲಿ?"

"ಮುನ್ನೂರು ಮೈಲಿ ಬರ್ರಿ ರಾಯರ. ಮ್ಯಾಲೆ ನಡಕೊಂಡು ಬರೂದಕ್ಕ ಅದಕ್ಕ ಒಂದು ತಿಂಗಳು ಬೇಕಂತನೂ ಬರ್ರಿ" ಎಂದು ಯಾರೋ ಕೂಗಿದರು. ರಾಯರೂ ನಕ್ಕರು.

ನಗದೆ ನಿಂತವಳು ದಾನಮ್ಮ ಒಬ್ಬಳೇ. ನೇಕಾರ ಸಂಕಣ್ಣನ ಹೆಂಡತಿ. ಅವರ ಮನೆ ನನ್ನ ಮನೆಯ ಎದುರಿಗೇ. ನಾಲ್ಕು ವರ್ಷದ ಹಿಂದೆ ಆ ಮನೆಯನ್ನು ಕಟ್ಟಿಕೊಟ್ಟವನು ನಾನೇ, ಅದೇ ವರ್ಷ ನನ್ನದನ್ನೂ ಕಟ್ಟಿಕೊಂಡೆ. ಅವರ ಪಡಸಾಲೆಯಲ್ಲಿ ಮೂರು ಕುಣಿಮಗ್ಗಗಳಿದ್ದವು. ನೇಯುವವನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕೂರುವ ಮಗ್ಗ. ಗಂಡ ಹೆಂಡತಿ ಇಬ್ಬರೂ ಹದಿನೆಂಟು ವರ್ಷ ಬೇರೆಯವರ ಮಗ್ಗದಲ್ಲಿ ಕೂತು ದುಡಿದು ಕಟ್ಟಿಸಿದ ಮನೆ ಅದು. ದಾನಮ್ಮ ನೇರ ಮಾತಿನವಳು, ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವವಳು. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿ.

"ನಮ್ಮ ಆಯಿ ಹೇಳ್ತಿದ್ದಳು" ಎಂದಳು ಅವಳು. "ಅಕಿ ಸಣ್ಣಾಕಿದ್ದಾಗ ಈ ಹಳ್ಳ ಬಂದಿತ್ತಂತ. ಚಾವಡಿ ಕಂಬದ ಮ್ಯಾಲೆ ಮೀನು ಕೆತ್ಯಾರಲ್ಲ, ಅಲ್ಲೀಮಟ ನೀರು ನಿಂತಿತ್ತಂತ. ಮುಂದಿನವ್ರಿಗೆ ಗೊತ್ತಿರಲಿ ಅಂತ ಆ ಮೀನು ಕೆತ್ಯಾರ. ಬರೆ ಚಂದಕ್ಕಲ್ಲ. ರಾಯರ, ನಮ್ಮ ಮನಿಗೆ ವಿಮಾ ಮಾಡ್ರಿ."

ಎಲ್ಲರೂ ಕಂಬದ ಕಡೆ ತಿರುಗಿದರು. ಗೇಣುದ್ದದ ಕಲ್ಲಿನ ಮೀನು ಎಂದಿನಂತೆ ಬಾಯಿ ತೆರೆದುಕೊಂಡಿತ್ತು. ಅದರ ಕೆಳಗೆ ಕಂಬಕ್ಕೆ ಯಾರೋ ಆಡು ಕಟ್ಟಿದ್ದರು.

ಸಂಕಣ್ಣನಿಗೆ ಮನಸ್ಸಿರಲಿಲ್ಲ. ಅವನು ಸಾಧು, ನಾಲ್ಕು ಜನ ನಗುವ ಕೆಲಸವೆಂದರೆ ಅವನಿಗೆ ಜ್ವರ ಬಂದಂತೆ. ವರ್ಷ ವರ್ಷವೂ ಕಂತು ಕಟ್ಟಬೇಕು, ನೀರು ಬಾರದಿದ್ದರೆ ಕಟ್ಟಿದ್ದು ಹೋದಂತೆಯೇ. ಗಂಡ ಹೆಂಡತಿ ಅಲ್ಲೇ ವಾದಕ್ಕೆ ನಿಂತರು. ಕೊನೆಗೆ ರಾಯರೇ ಒಂದು ದಾರಿ ಹೇಳಿದರು. ವ್ಯಾಪಾರ ಕೆಡಿಸಿಕೊಳ್ಳುವ ದಾರಿ, ಆದರೆ ಅವರ ಸ್ವಭಾವವೇ ಹಾಗೆ.

"ಇದರಾಗ ಜಗಳ ಯಾಕ? ನಿಮ್ಮ ಹೊಸ್ತಿಲು ಆ ಮೀನಿಗಿಂತ ಮ್ಯಾಲದ ಏನು, ಕೆಳಗದ ಏನು, ಅಳದ ನೋಡ್ರಿ. ಮ್ಯಾಲಿದ್ರ ನಿಮಗ ವಿಮಾ ಬ್ಯಾಡ, ನಾನಽ ಅರ್ಜಿ ಹರೀತೀನಿ. ಕೆಳಗಿದ್ರ ಇವತ್ತಽ ಮಾಡಸ್ರಿ. ಮೇಸ್ತ್ರಿ ಇಲ್ಲೇ ಇದ್ದಾರಲ್ಲ."

ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ನಾನು ನಗುತ್ತ ಎದ್ದು ಮನೆಗೆ ಹೋಗಿ ಕೊಳವೆ ತಂದೆ.

ಚಾವಡಿ ಓಣಿಯ ತಲೆಗಿದೆ, ಸಂಕಣ್ಣನ ಮನೆ ನಡುವಿಗೆ. ಕೊಳವೆ ಒಮ್ಮೆಗೇ ಅಷ್ಟು ದೂರ ಮುಟ್ಟುವುದಿಲ್ಲ. ಮೀನಿನ ಬೆನ್ನಿನ ಎತ್ತರವನ್ನು ದಾರಿಯಲ್ಲಿ ಒಂದು ಗೂಟಕ್ಕೆ ದಾಟಿಸಿದೆವು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಮಾಡಿದೆ, ನನ್ನ ಕಸುಬಿನ ಮೇಲಾಣೆ. ಆಮೇಲೆ ಗೂಟದ ಬಳಿ ಸಂಕಣ್ಣ ಒಂದು ತುದಿ ಹಿಡಿದು ನಿಂತ. ನಾನು ಇನ್ನೊಂದು ತುದಿಗೆ ಹೆಬ್ಬೆರಳು ಒತ್ತಿಕೊಂಡು ಅವನ ಬಾಗಿಲಿಗೆ ಹೋದೆ, ಚೌಕಟ್ಟಿಗೆ ಕೊಳವೆ ಆನಿಸಿ ಹಿಡಿದೆ. ಹಿಂದೆ ಜನ ಮುಕುರಿಕೊಂಡಿದ್ದರು.

"ನನ್ನ ಕಡೆ ನೀರು ನಿಂತಾವ್ರೀ!" ಎಂದು ಸಂಕಣ್ಣ ಕೂಗಿದ.

"ಇಲ್ಲೂ ನಿಂತಾವು" ಎಂದು ನಾನು ಸೀಮೆಸುಣ್ಣದ ಗೆರೆ ಎಳೆದೆ. ಗೆರೆ ಹೊಸ್ತಿಲಿನಿಂದ ನಾಲ್ಕು ಬೆರಳು ಕೆಳಗೆ ಬಿತ್ತು. "ಮೀನು ಇಲ್ಲೈತಿ, ನೋಡಿಕೊಳ್ರಿ. ಹೊಸ್ತಿಲು ಅದಕ್ಕಿಂತ ಮ್ಯಾಲೆ."

ಜನ ಹೋ ಎಂದರು. ಆ ಗದ್ದಲದಲ್ಲಿ ದಾನಮ್ಮನ ದನಿ ತೀರ ಹತ್ತಿರದಿಂದ ಬಂತು. ಅವಳು ನನ್ನ ಮೊಣಕೈಯ ಪಕ್ಕದಲ್ಲೇ ನಿಂತಿದ್ದಳು.

"ಮೇಸ್ತ್ರಿ, ನೀವು ಬೆರಳು ತಗೀಲಿಲ್ಲ."

ನನ್ನ ಹೆಬ್ಬೆರಳು ಇನ್ನೂ ಕೊಳವೆಯ ಬಾಯಿಯ ಮೇಲೆಯೇ ಇತ್ತು. ಬಿಗಿ ಹಿಡಿದು ಹಿಡಿದು ಉಗುರು ಬೆಳ್ಳಗಾಗಿತ್ತು. ಆ ಕ್ಷಣದಲ್ಲಿ ನಾನು ಬೆರಳೆತ್ತಿಬಿಟ್ಟಿದ್ದರೆ ನೀರು ಸರ್ರನೆ ಮೇಲೇರಿ ಹೊಸ್ತಿಲನ್ನು ದಾಟಿ ಒಂದು ಗೇಣು ಮೇಲೆ ನಿಲ್ಲುತ್ತಿತ್ತು. ಅದು ನನಗೆ ಅಳೆಯದೆಯೂ ಗೊತ್ತಿತ್ತು. ನಾನು ಜನರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದೆ:

"ಕೇಳಿದ್ರೇನ್ರಪಾ? ಇನ್ನು ಮ್ಯಾಲೆ ನಾ ಕೊಳವಿ ಹಿಡಿಯೂದು ದಾನಮ್ಮನ ಕಡೆ ಕಲೀಬೇಕಂತ. ನಾಳೆಯಿಂದ ಅಕಿ ಗಾರಿ ಕೆಲಸಕ್ಕ ಬರ್ತಾಳ, ನಾ ಅಕಿ ಮಗ್ಗದಾಗ ಕುಂದ್ರತೀನಿ!"

ಓಣಿ ಬಿದ್ದು ಬಿದ್ದು ನಕ್ಕಿತು. ಸಂಕಣ್ಣ ನಾಚಿ ನೆಲ ನೋಡಿದ. ದಾನಮ್ಮನ ಮುಖ ಕೆಂಪೇರಿತು. ಸೆರಗು ಬಿಗಿದುಕೊಂಡು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನಗ್ರಿ. ಆದ್ರ ನೀರು ಬರ್ತದ. ಈ ಹೊಸ್ತಿಲು ದಾಟೇ ಬರ್ತದ. ನಾ ಹೇಳೀನಿ ಅಂತ ನೆಪ್ಪಿಟ್ಟುಕೊಳ್ರಿ."

ಅವಳ ಆ ಮಾತನ್ನು ಅವರೆಲ್ಲ ಚೆನ್ನಾಗಿಯೇ ನೆನಪಿಟ್ಟುಕೊಂಡರು.

ರಾಯರು ಅರ್ಜಿ ಹರಿದು ಚೀಲಕ್ಕೆ ಹಾಕಿಕೊಂಡರು. ನಾನು ಹಾಗೇಕೆ ಮಾಡಿದೆ ಎಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆತ್ತಿದ ಕಲ್ಲನ್ನು ಒಂದರ ಮೇಲೊಂದು ಐದು ವರಸೆ ಇಟ್ಟ ಅಡಿಪಾಯ ಎಂದು ಸಂಕಣ್ಣನಿಗೆ ಮಾತು ಕೊಟ್ಟಿದ್ದೆ. ನಮ್ಮ ಓಣಿಯ ಹಳೆಯ ಮನೆಗಳೆಲ್ಲ ಹಾಗೆಯೇ ಇವೆ. ಮೀನಿನ ಕೆಳಗೆ ಹೊಸ್ತಿಲು ಇಡಬಾರದೆಂದು ನನಗೆ ಕಸುಬು ಕಲಿಸಿದ ಮುದುಕ ಹೇಳಿದ್ದ. ದಾನಮ್ಮ ಹೇಳಿದ ಕತೆ ಅವಳಿಗಿಂತ ಮೊದಲೇ ನನಗೆ ಗೊತ್ತಿತ್ತು. ಆದರೆ ಅಡಿಪಾಯದ ಹೊತ್ತಿಗೆ ಗಂಡ ಹೆಂಡತಿ ಎರಡು ತಿಂಗಳು ಪರವೂರಿಗೆ ನೇಯಲು ಹೋಗಿದ್ದರು. ನಾನು ಮೂರು ವರಸೆ ಇಟ್ಟೆ. ಉಳಿದೆರಡು ನೆಲದೊಳಗಿವೆ ಎಂದು ಅವರಿಗೆ ಹೇಳಿ, ಸುತ್ತ ಮಣ್ಣು ಏರಿಸಿ ಮೆಟ್ಟಿಲು ಕೂರಿಸಿದೆ. ಆ ಎರಡು ವರಸೆಯ ಕಲ್ಲು ರಸ್ತೆ ದಾಟಿ ನನ್ನ ಮನೆಗೆ ಹೋಯಿತು. ನನ್ನ ಅಡಿಪಾಯಕ್ಕೆ ಏಳು ವರಸೆ ಬಂತು. ಕಳ್ಳತನವೆಂದರೆ ಕಳ್ಳತನವೇ, ಅದಕ್ಕೆ ಬೇರೆ ಹೆಸರಿಲ್ಲ.

ಇನ್ನೊಂದು ಮಾತೂ ಇದೆ. ಆ ವಾರವೇ ನಾನು ಪೇಟೆಗೆ ಹೋಗಿ ಗುಂಡೇರಾಯರ ಮನೆಯಲ್ಲಿ ಕೂತು ನನ್ನ ಮನೆಗೆ ವಿಮೆ ಮಾಡಿಸಿದೆ. ರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿಮ್ಮದು ಇನ್ನೂ ಎತ್ತರದಾಗ ಅದಲ್ಲರೀ?" ಎಂದರು. "ಇರಲಿ ಬಿಡ್ರಿ, ಓಣ್ಯಾಗ ಹೇಳಬ್ಯಾಡ್ರಿ, ನಗತಾರ" ಎಂದೆ. ಅಳತೆಯನ್ನು ಹೇಗೆ ಸುಳ್ಳು ಮಾಡಬಹುದೆಂದು ತಿಳಿದವನಿಗೆ ಯಾವ ಅಳತೆಯ ಮೇಲೂ ನಂಬಿಕೆ ಇರುವುದಿಲ್ಲ.

ಮೂರನೆಯ ವರ್ಷ ಹಳ್ಳ ಬಂತು. ನಮ್ಮೂರಲ್ಲಿ ಅಂದು ಒಂದು ಹನಿ ಮಳೆಯಿಲ್ಲ, ಸುಡುಬಿಸಿಲು. ಎಲ್ಲೋ ಮೇಲೆ ಕೆರೆಯ ಏರಿ ಒಡೆದಿತ್ತಂತೆ. ಬೆಳಗಿನ ಉಪ್ಪಿಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ ಹಿಂದಿನ ಮರಳಿನ ಮೇಲೆ ಹರಡಿದ್ದ ಕೆಂಪು ನೂಲು ತೇಲುತ್ತ ಓಣಿಯೊಳಗೆ ಬಂತು. ಅದರ ಹಿಂದೆ ಕಂದು ನೀರು. ಅದಕ್ಕೆ ಅವಸರವೇನೂ ಇರಲಿಲ್ಲ, ನಿಧಾನವಾಗಿ ಮೆಟ್ಟಿಲಿನ ಮೇಲೆ ಮೆಟ್ಟಿಲು ಏರುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಓಣಿಯ ಉದ್ದಕ್ಕೂ ಒಂದೇ ಎತ್ತರಕ್ಕೆ ನಿಂತುಬಿಟ್ಟಿತು, ನನ್ನ ಕೊಳವೆಯಲ್ಲಿ ನಿಲ್ಲಬೇಕಾಗಿದ್ದ ಹಾಗೆ. ಆ ನೀರಿನ ಮೇಲೆ ಯಾರ ಹೆಬ್ಬೆರಳೂ ಇರಲಿಲ್ಲ.

ನಾನು ನನ್ನ ಜಗಲಿಯ ಮೇಲೆ ನಿಂತು ನೋಡಿದೆ. ಚಾವಡಿಯ ಮೀನಿನ ಹೊಟ್ಟೆಗೆ ನಾಲ್ಕು ಬೆರಳು ಕೆಳಗೆ ನೀರು ನಿಂತಿತ್ತು. ಹಳೆಯ ಮನೆಗಳ ಹೊಸ್ತಿಲು ಒಂದೂ ಒದ್ದೆಯಾಗಲಿಲ್ಲ. ನನ್ನದರ ಮಾತೇ ಬೇಡ. ಇಡೀ ಓಣಿಯಲ್ಲಿ ನೀರು ಒಳಹೊಕ್ಕ ಮನೆ ಒಂದೇ. ಮೊದಲು ಮಗ್ಗದ ಕುಣಿಗಳು ತುಂಬಿದವು. ಮದುವೆಯ ಸೀರೆಗಳಿಗೆಂದು ನೂಲಿನ ಸಾಹುಕಾರನಿಂದ ತಂದ ರೇಷ್ಮೆ ಮೂರೂ ಮಗ್ಗಗಳ ಮೇಲಿತ್ತು. ಸಂಕಣ್ಣ ಎದೆಯ ಮೇಲೆ ಮಗ್ಗದಿಂದ ಬಿಚ್ಚಿದ ಹಾಸುನೂಲು ಸುತ್ತಿಕೊಂಡು ನೀರಿನಲ್ಲಿ ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ನನ್ನ ಕಡೆ ನೋಡಿದ. ನಾನು ಹಗ್ಗ ಎಸೆದೆ. ಇಬ್ಬರನ್ನೂ ಎಳೆದು ನನ್ನ ಜಗಲಿಗೆ ತಂದೆ, ಒಣ ಪಂಚೆ ಕೊಟ್ಟೆ, ನನ್ನ ಹೆಂಡತಿ ಚಹಾ ಕೊಟ್ಟಳು. ಅವರು ಕೂತದ್ದು ಅವರದೇ ಕಲ್ಲಿನ ಮೇಲೆ. ಮೂರನೆಯ ದಿನ, ಆ ಜಗಲಿಯ ಮೇಲೆಯೇ ಕೂತು, ತಮ್ಮ ಮನೆಯ ಮುಂದಿನ ಗೋಡೆ ಮಂಡಿಯೂರಿ ಕುಸಿದದ್ದನ್ನು ಕಂಡರು. ಗಾರೆಯ ಬದಲು ಒಳಗೆ ಕೆಸರು ತುಂಬಿದ್ದೆ. ಅದಕ್ಕೆ ಮೂರು ದಿನವೇ ಹೆಚ್ಚು.

"ನೀವು ಮನಿ ಎಷ್ಟು ಗಟ್ಟಿ ಕಟ್ಟೀರಿ ಮೇಸ್ತ್ರಿ" ಎಂದ ಸಂಕಣ್ಣ, ನನ್ನ ಕಲ್ಲುಗಳನ್ನು ನೋಡುತ್ತ. ವ್ಯಂಗ್ಯ ಅವನ ಸ್ವಭಾವವಲ್ಲ. ನಿಜವಾಗಿಯೂ ಹೊಗಳಿದ್ದ.

ನೀರಿಳಿದ ಮೇಲೆ ಓಣಿ ನನ್ನ ಜಗಲಿಯ ಮುಂದೆ ಸೇರಿತು. ಮುದುಕಿ ಸಾವಂತ್ರೆವ್ವನೇ ಮೊದಲು ಬಾಯಿ ತೆರೆದವಳು. ನಮ್ಮಲ್ಲಿ ಹೆರಿಗೆ, ಹೆಣ ಎರಡಕ್ಕೂ ಅವಳ ಮಾತೇ ನಡೆಯುತ್ತಿತ್ತು.

"ಮೀನಿಗೆ ನೀರು ಮುಟ್ಟಿಲ್ಲ. ಮೀನಿಗಿಂತ ಮ್ಯಾಲಿದ್ದ ಹೊಸ್ತಿಲು ಮುಳುಗೇತಿ. ಹೆಂಗ? ಎಲ್ಲಾರೂ ಕಣ್ಣಾರೆ ಅಳತಿ ನೋಡೀವಿ. ಯಾರ ಮನ್ಯಾಗೂ ಹೊಗಲಾರದ ನೀರು ಆ ಒಂದು ಮನಿಗೇ ಹೊಕ್ಕೈತಿ. ಯಾಕಂದ್ರ ಆ ಮನಿಯಾಕಿನೇ ಕರದಾಳ. 'ಈ ಹೊಸ್ತಿಲು ದಾಟೇ ಬರ್ತದ' ಅಂತ ಅಂದಿದ್ದಿಲ್ಲೇನು? ಅಕಿದು ಕರಿನಾಲಿಗಿ!"

ಆಡಿದ ಕೆಟ್ಟ ಮಾತು ನಿಜವಾಗಿಬಿಡುವ ನಾಲಿಗೆಗೆ ನಮ್ಮವರು ಹಾಗೆನ್ನುತ್ತಾರೆ. ಜನರ ನಡುವೆ ಒಂದು ಗುಜುಗುಜು ಎದ್ದಿತು. ಸಂಕಣ್ಣ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಎಂಥ ಬೇಡಿಕೆ ಇತ್ತೆಂದರೆ, ಅದನ್ನು ನೆನೆದರೆ ಇಂದಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

"ಮೇಸ್ತ್ರಿ, ನೀವಽ ಹೇಳ್ರಿ. ಅಳತಿ ತಪ್ಪಿತ್ತೇನು?"

ಒಂದೇ ಮಾತು ಸಾಕಾಗಿತ್ತು. ತಪ್ಪಿತ್ತು, ಎಂದರೆ ಮುಗಿಯುತ್ತಿತ್ತು. ಕಲ್ಲಿನ ವಿಷಯ ಹೇಳಬೇಕೆಂದೂ ಇರಲಿಲ್ಲ. ವಯಸ್ಸಾಯಿತು, ಕಣ್ಣು ಮೋಸ ಮಾಡಿತು ಎಂದರೂ ಆಗುತ್ತಿತ್ತು. ಆದರೆ ತಪ್ಪೆಂದರೆ ಮತ್ತೆ ಅಳೆಯುತ್ತಾರೆ, ಅಳೆದರೆ ಅಗೆಯುತ್ತಾರೆ ಎಂದು ನನ್ನ ಅಂಜುಬುರುಕ ತಲೆ ಲೆಕ್ಕ ಹಾಕಿತು.

"ನೀರು ಎಲ್ಯಾರ ಸುಳ್ಳು ಹೇಳ್ತದೇನು ಸಂಕಣ್ಣ?" ಎಂದೆ. ಆಮೇಲೆ ಸಾವಂತ್ರೆವ್ವನ ಕಡೆ ನೋಡಿ, "ಹಿರಿಯರು ಹೇಳ್ತಾರಂದ್ರ ಇರಬಹುದು" ಎಂದೂ ಸೇರಿಸಿದೆ. ಅದನ್ನು ಸೇರಿಸಬೇಕೆಂದು ಯಾರೂ ನನ್ನನ್ನು ಕೇಳಿರಲಿಲ್ಲ.

ದಾನಮ್ಮ ಬಾಗಿಲ ಬಳಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ನನ್ನ ಬಲಗೈಯನ್ನೇ ನೋಡುತ್ತಿದ್ದಳು. ತಣ್ಣಗೆ, ಯಾವ ಸಿಟ್ಟೂ ಇಲ್ಲದೆ ಹೇಳಿದಳು:

"ಅವ್ರು ಬೆರಳು ತಗೀಲಿಲ್ಲ."

ಸಂಕಣ್ಣ ಎದ್ದು ಎಲ್ಲರ ಎದುರಿಗೆ ಅವಳ ಕೆನ್ನೆಗೆ ಹೊಡೆದ. ಯಾರ ಮೇಲೂ ಕೈ ಎತ್ತದ ಮನುಷ್ಯ. "ಮನಿ ನುಂಗಿದಿ, ಮಗ್ಗ ನುಂಗಿದಿ. ಆಸರಾ ಕೊಟ್ಟ ದೇವರಂಥಾ ಮನಿಷ್ಯಾನ್ನೂ ನುಂಗತೀಯೇನು? ಇನ್ನೂ ಸಾಕಾಗಿಲ್ಲೇನು ನಿನ್ನ ನಾಲಿಗಿಗೆ?" ಎಂದು ಅತ್ತ. ನಾನು ಅವನ ಕೈ ಹಿಡಿದು ಸಮಾಧಾನ ಮಾಡಿದೆ.

ಅದು ದಾನಮ್ಮ ಆಡಿದ ಕೊನೆಯ ಮಾತು. ಮೂಗಿಯಾಗಲಿಲ್ಲ, ನಾಲಿಗೆ ಬಿದ್ದುಹೋಗಲಿಲ್ಲ. ಸುಮ್ಮನೆ ನಿಲ್ಲಿಸಿಬಿಟ್ಟಳು. ಮೊದಮೊದಲು ಅದಕ್ಕೂ ಜನ ಹೆದರಿದರು, ಒಳಗೊಳಗೇ ಏನೋ ಅನ್ನುತ್ತಿದ್ದಾಳೆ ಎಂದರು. ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಕರೆಯಲಿಲ್ಲ. ಮದುವೆ ಮಾತಿಗೆ ಹೊರಟವರು ಅವಳನ್ನು ಕಂಡರೆ ಮನೆಗೆ ಮರಳಿ, ಕಾಲು ತೊಳೆದು, ಮತ್ತೆ ಹೊರಡುತ್ತಿದ್ದರು. ಆ ಮನೆಯ ಸೀರೆ ಉಟ್ಟ ಮದುಮಗಳಿಗೆ ಏಳಿಗೆಯಿಲ್ಲವೆಂದು ಸಾಹುಕಾರ ಸಂಕಣ್ಣನಿಗೆ ನೂಲು ಕೊಡುವುದನ್ನು ಬಿಟ್ಟ. ಅವನು ಮತ್ತೆ ಬೇರೆಯವರ ಮಗ್ಗದಲ್ಲಿ ಕೂತ, ಅಲ್ಲಿ ಹೆಂಡತಿಯ ಹೆಸರೆತ್ತುವುದಿಲ್ಲವೆಂದು ಮಗ್ಗದ ಒಡೆಯನಿಗೆ ಮಾತು ಕೊಟ್ಟು.

ಅವರಿಗೆ ಇರಲು ನೆಲೆ ಬೇಕಿತ್ತಲ್ಲ. ನೀರಿಗೆ ನನ್ನ ಹಿತ್ತಲ ಗೋಡೆ ಬಿದ್ದದ್ದಕ್ಕೆ ವಿಮೆಯ ಪರಿಹಾರ ಬಂದಿತ್ತು. ಅದರಲ್ಲಿ ಹಿಂದೆ ಒಂದು ಕೋಣೆ ಎಬ್ಬಿಸಿ ಅವರನ್ನು ಇಟ್ಟುಕೊಂಡೆ. ಬಾಡಿಗೆ ತೆಗೆದುಕೊಳ್ಳಲಿಲ್ಲ. ಕರಿನಾಲಿಗೆಯವಳಿಗೂ ಮನೆಯಲ್ಲಿ ಜಾಗ ಕೊಟ್ಟ ಧರ್ಮಾತ್ಮನೆಂದು ಓಣಿ ನನ್ನನ್ನು ಹೊಗಳಿತು. ಚಾವಡಿಯ ಕಟ್ಟೆಯ ಮೇಲೆ ನನಗೊಂದು ಜಾಗ ಕಾಯಂ ಆಯಿತು. ಮರುವರ್ಷ ಗುಂಡೇರಾಯರು ಬಂದಾಗ ಎಲ್ಲರೂ ಸಾಲುಗಟ್ಟಿ ನಿಂತು ವಿಮೆ ಮಾಡಿಸಿದರು. ರಾಯರು ಯಾರೊಂದಿಗೂ ಮಾತು ಬೆಳೆಸಲಿಲ್ಲ. ಹೊರಡುವಾಗ ನನ್ನನ್ನು ಬದಿಗೆ ಕರೆದು, "ಮೇಸ್ತ್ರಿ, ಅವತ್ತಿನ ಅರ್ಜಿ ಹರದಾಂವ ನಾನು. ನನಗ ರಾತ್ರಿ ನಿದ್ದಿ ಹತ್ತೂದಿಲ್ಲ. ನಿಮಗ ಹತ್ತತದೇನ್ರಿ?" ಎಂದು ಕೇಳಿದರು. ಹತ್ತುತ್ತದೆ ಎಂದೆ. ಅದು ಸುಳ್ಳಾಗಿರಲಿಲ್ಲ. ನಾನು ಚೆನ್ನಾಗಿಯೇ ನಿದ್ರಿಸುತ್ತಿದ್ದೆ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಸಂಕಣ್ಣ ತೀರಿಕೊಂಡ. ದಾನಮ್ಮ ಹಿಂದಿನ ಕೋಣೆಯಲ್ಲೇ ಉಳಿದಳು, ಹಗಲೆಲ್ಲ ನನ್ನ ಜಗಲಿಯ ಒಂದು ತುದಿಗೆ ಕೂತು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನ್ನ ಮೊಮ್ಮಗಳು, ಎರಡು ವರ್ಷದ ಕೂಸು, ಅವಳ ಮಗ್ಗುಲು ಬಿಡುತ್ತಿರಲಿಲ್ಲ. ಮಾತಿಲ್ಲದವಳ ಹತ್ತಿರ ಅದಕ್ಕೇನು ಹಿತವೋ. ಇನ್ನೊಂದು ತುದಿಗೆ ಒರಗುಕುರ್ಚಿಯಲ್ಲಿ ನಾನು.

ಒಂದು ಮಧ್ಯಾಹ್ನ ಊಟ ಮಾಡಿ ಕೂತಿದ್ದೆ. ಕೂಸು ನನ್ನ ಕಾಲ ಬಳಿ ಬಂದು ಆಡುತ್ತಿತ್ತು. ರಾಟೆಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನೋಡಿದರೆ ದಾನಮ್ಮ ನನ್ನ ತಲೆಯ ಮೇಲೆ, ಚಾವಣಿಯ ತೊಲೆ ಗೋಡೆಗೆ ಕೂರುವ ಕಡೆ, ಕಣ್ಣು ನೆಟ್ಟು ಕೂತಿದ್ದಳು. ಅವಳ ತುಟಿ ತೆರೆಯಿತು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವಳ ಗಂಟಲು ಅಲುಗಿದ್ದನ್ನು ಕಂಡೆ. ಆಮೇಲೆ ತುಟಿ ಮುಚ್ಚಿಕೊಂಡಿತು.

ಅವಳು ಎದ್ದು ಬಂದು ನನ್ನ ಕಾಲ ಬಳಿಯಿಂದ ಕೂಸನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ರಾಟೆ ಹಿಡಿದು, ಮೆಟ್ಟಿಲಿಳಿದು, ಅಂಗಳದ ಬೇವಿನ ಬುಡಕ್ಕೆ ಹೋಗಿ ಕೂತಳು. ಅಲ್ಲಿಂದ ನನ್ನನ್ನು ನೋಡಿದಳು.

ಏನಾಯಿತು ದಾನಮ್ಮ, ಎಂದು ಕೇಳಬಹುದಿತ್ತು. ಕೇಳಿದ್ದರೆ ಅವಳು ಹೇಳುತ್ತಿದ್ದಳೆಂದು ಈಗಲೂ ಅನಿಸುತ್ತದೆ. ಆದರೆ ಹಾಗೆ ಕೇಳುವುದೆಂದರೆ ಅವಳ ಮಾತು ನನಗೆ ಬೇಕಾಗಿದೆ, ಅದು ನಿಜದ ಮಾತು ಎಂದು ಒಪ್ಪಿದಂತೆ. ಪಕ್ಕದ ಮನೆಯ ಜಗಲಿಯ ಮೇಲೆ ಜನ ಕೂತಿದ್ದರು. ತೊಲೆಯ ಸಂದಿನಿಂದ ನನ್ನ ಹೆಗಲ ಮೇಲೆ ಒಂದು ಚಿಟಿಕೆ ಮಣ್ಣು ಉದುರಿತು. ನಾನು ಕೊಡವಿಕೊಳ್ಳಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಳೆಯ ತುದಿ ಹುಡುಕಿ, ಬೇವಿನ ನೆರಳಿನಲ್ಲಿ ಮತ್ತೆ ರಾಟೆ ತಿರುಗಿಸತೊಡಗಿದಳು.